ನಾಲ್ಕು ಸೆಕೆಂಡಿನ ಕಾರು

ಈ ಕತೆಯಲ್ಲಿ ಒಂದು ಹೊಲಿಗೆಯಷ್ಟು ಸುಳ್ಳಿದ್ದರೂ ತನ್ನ ಕತ್ತರಿ ಮೊಂಡಾಗಲಿ ಎಂದು ಆಣೆ ಇಟ್ಟೇ ಲೇಡೀಸ್ ಟೈಲರ್ ಇದನ್ನು ಶುರು ಮಾಡುವುದು. ಕತ್ತರಿ ಮೊದಲೇ ಮೊಂಡು ಎನ್ನುವುದನ್ನು ಮಾತ್ರ ಹೇಳುವುದಿಲ್ಲ.

ಐವತ್ತು ದಾಟಿದ ಮೇಲೆ ಅವನಿಗೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯಿತು. ಎಲೆಕ್ಟ್ರಿಕ್ ಕಾರುಗಳು ಆಗತಾನೇ ಕಣ್ಣು ಬಿಡುತ್ತಿದ್ದ ಕಾಲದ್ದು, ಎರಡೇ ಸೀಟಿನದು, ಇಬ್ಬರ ಕೈ ದಾಟಿ ಬಂದದ್ದು. ನಿಂತಲ್ಲಿಂದ ನೂರರ ವೇಗಕ್ಕೆ ನಾಲ್ಕೇ ಸೆಕೆಂಡು. ಅದರೊಳಗೆ ತೂರಿಕೊಳ್ಳಲು ಅವನ ಹೊಟ್ಟೆಗೆ ನಾಲ್ಕು ನಿಮಿಷ ಬೇಕಿತ್ತು. ಒಮ್ಮೆ ಚಾರ್ಜ್ ಮಾಡಿದರೆ ಮುನ್ನೂರ ನಲವತ್ತು ಕಿಲೋಮೀಟರ್ ಎಂದು ಕಾರಿನ ಪುಸ್ತಕದಲ್ಲಿತ್ತು. ಬಟ್ಟೆ ಒಗೆದಷ್ಟೂ ಕುಗ್ಗುತ್ತದೆ ಎಂದು ಊರಿಗೆಲ್ಲ ಪಾಠ ಹೇಳುವವನಿಗೆ, ಬ್ಯಾಟರಿಯೂ ಕುಗ್ಗೀತು ಎಂದು ಹೊಳೆಯಲೇ ಇಲ್ಲ. ಪೂರ್ತಿ ತುಂಬಿಸಿದರೂ ಅದು ತೋರಿಸುತ್ತಿದ್ದದ್ದು ಇನ್ನೂರ ಹತ್ತು.

ಹೆಂಡತಿ ಒಂದೇ ಮಾತು ಹೇಳಿದ್ದಳು. “ಭಾನುವಾರ ಅಕ್ಕನ ಮನೇಲಿ ಊಟ. ಒಂದು ಗಂಟೆಗೆ ಇದು ಅವಳ ಬಾಗಿಲಲ್ಲಿದ್ರೆ ನಮ್ಮನೇಲೂ ಇರುತ್ತೆ. ಇಲ್ದಿದ್ರೆ ಮಾರೋದೇ.”

ಅಕ್ಕನ ಮನೆ ನೂರ ಎಂಬತ್ತು ಕಿಲೋಮೀಟರ್ ದೂರ. ಭಾರ ಕಡಿಮೆಯಾಗಲಿ ಎಂದು ಟೈಲರ್ ಜಾಕು ಇಳಿಸಿದ, ಕೈಚೀಲ ಇಳಿಸಿದ, ಆಮೇಲೆ ಹೆಂಡತಿಯ ಕಡೆ ನೋಡಿದ. ಇಪ್ಪತ್ತೈದು ವರ್ಷದ ಕಸುಬಿನಲ್ಲಿ ಯಾವ ಹೆಂಗಸಿನ ಅಳತೆಯನ್ನೂ ಬಾಯಿಬಿಟ್ಟು ಹೇಳಿದವನಲ್ಲ. ಚೀಟಿಯಲ್ಲಿ ಬರೆದುಕೊಂಡು ಸುಮ್ಮನಾಗುವುದೇ ಅವನ ಅಂಗಡಿಯ ಕಾನೂನು. ಅಂದು ಹೇಳಿಬಿಟ್ಟ.

“ನೀನು ಕೂತ್ರೆ ಹದಿನೈದು ಕಿಲೋಮೀಟರ್ ಕಮ್ಮಿ ಆಗುತ್ತೆ ಕಣೇ.”

“ಹೌದಾ,” ಎಂದಳು. ಬಸ್ ಸ್ಟ್ಯಾಂಡಿಗೆ ನಡೆದಳು.

ಏಳಕ್ಕೆ ಹೊರಟವನು ಮೆಲ್ಲಗೆ ಹೋಗಿದ್ದರೆ ತಲುಪುತ್ತಿದ್ದನೇನೋ. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ಸುಮ್ಮನೆ ಗುರ್ರೆನ್ನಿಸಿದ. ಟೈಲರ್ ಪೆಡಲು ಒತ್ತಿದ. ನಾಲ್ಕು ಸೆಕೆಂಡು ಅವನು ರಾಜ. ಸೊಂಟ ಹಿಡಿದುಕೊಂಡರೂ ಮುಂದಿನ ಪ್ರತಿ ಸಿಗ್ನಲ್ಲಿನಲ್ಲೂ ರಾಜನೇ ಆದ. ಹತ್ತು ಗಂಟೆಗೆ ನೋಡಿದರೆ ದಾರಿ ಇನ್ನೂ ಅರವತ್ತು ಕಿಲೋಮೀಟರ್, ಬ್ಯಾಟರಿಯಲ್ಲಿ ಮೂವತ್ತರಷ್ಟೇ.

ರಸ್ತೆ ಬದಿಯಲ್ಲಿ ಒಂದು ಇಸ್ತ್ರಿ ಅಂಗಡಿ. ಅಜ್ಜಿಯೊಬ್ಬಳು ಕರುಣೆಯಿಂದ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು ಕಾರಿಗೆ ಜಾಗ ಕೊಟ್ಟಳು.

“ಎಷ್ಟು ಹೊತ್ತು ಬೇಕಪ್ಪಾ?”

“ಗಂಟೆಗೆ ಹತ್ತು ಕಿಲೋಮೀಟರ್ ತುಂಬುತ್ತೆ ಅಜ್ಜಿ.”

“ನಡಕೊಂಡು ಹೋದ್ರೂ ಅದರ ಅರ್ಧ ಆಗುತ್ತಲ್ಲೋ,” ಎಂದು ಅಜ್ಜಿ ಲೆಕ್ಕ ಹಾಕಿದಳು. “ಆಗಲಿ, ನನ್ನ ಕೆಲಸ ಅಂತೂ ನಿಂತಿತು. ನಿನ್ನ ಕಸುಬೇನು?”

ಹೇಳಬಾರದಿತ್ತು. ಅಜ್ಜಿ ಮೂಲೆಯಲ್ಲಿದ್ದ ಬಟ್ಟೆಯ ಗಂಟು ಬಿಚ್ಚಿದಳು. ಮೂರೂವರೆ ಗಂಟೆಯಲ್ಲಿ ಟೈಲರ್ ಊರವರ ಅಂಗಿಗಳಿಗೆ ಎಪ್ಪತ್ತು ಗುಂಡಿ ಹೊಲಿದ. ಒಂದು ಗುಂಡಿಗೆ ಅರ್ಧ ಕಿಲೋಮೀಟರಿನಂತೆ ಅವನ ಕಾರು ಉಸಿರೆಳೆದುಕೊಂಡಿತು. ಹನ್ನೊಂದಕ್ಕೆ ಬಸ್ಸು ಹಾದುಹೋಯಿತು. ಕಿಟಕಿಯಲ್ಲಿ ಹೆಂಡತಿ. ಅವನು ಸೂಜಿ ಹಿಡಿದ ಕೈಯನ್ನೇ ಬೀಸಿದ. ಯಾರದೋ ಅಂಗಡಿಯ ಬೋರ್ಡು ಓದುವವಳ ಹಾಗೆ ಅವಳು ಅವನನ್ನು ಓದಿ, ಮುಖ ತಿರುಗಿಸಿದಳು.

ಮೂರು ಗಂಟೆಗೆ ಕಾರು ಅಕ್ಕನ ಬಾಗಿಲು ತಲುಪಿತು. ಊಟದ ಪಾತ್ರೆಗಳನ್ನು ಬೋರಲು ಹಾಕಿಯಾಗಿತ್ತು. ಹೊಸಿಲ ಮೇಲೆ ಕೂತಿದ್ದ ಹೆಂಡತಿ ಅಂಗೈ ಚಾಚಿದಳು. ಅವನು ಕೀಲಿ ಇಟ್ಟ.

“ಒಂದು ನಿಮಿಷ ಕೇಳೇ. ಕಾರಿನ ತಪ್ಪೇನಿಲ್ಲ. ದಾರಿ ಸಮ ಇದ್ದು, ಗಾಳಿ ಹಿಂದಿನಿಂದ ಬೀಸಿ, ಓಡಿಸೋನಿಗೆ ಸ್ವಲ್ಪ ಬುದ್ಧಿ ಇದ್ದಿದ್ರೆ...”

“ಭಾವಾ, ಅವತ್ತು ಯಾರೋ ಕೊಳ್ಳೋರಿದ್ದಾರೆ ಅಂದ್ರಲ್ಲ,” ಎಂದು ಅಕ್ಕನ ಗಂಡನನ್ನು ಕೂಗುತ್ತ ಅವಳು ಒಳಗೆ ನಡೆದಳು.

“...ಇನ್ನೊಂದು ವಿಷಯ, ನಿನ್ನ ಹದಿನೈದು ಕಿಲೋಮೀಟರ್ ಅಂದ್ನಲ್ಲ, ಅದು ನಾನು ತಪ್ಪು ಲೆಕ್ಕ ಹಾಕಿದ್ದು, ನಿಜವಾಗಿ ನೀನು ಬರೀ ಹನ್ನೆರಡು...” ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು.