ಒಂದೂವರೆ ಸೆಂಟಿಮೀಟರ್

ಬಾಗಿಲು ಮೂರನೇ ಸಲವೂ ಮುಚ್ಚಲಿಲ್ಲ. ಅವಳು ಕಂಪ್ಯೂಟರ್ ಕ್ಯಾಬಿನೆಟ್ಟಿನ ತಗಡಿನ ಬಾಗಿಲನ್ನು ಅಂಗೈಯಿಂದ ಒತ್ತಿದಳು, ಮೊಣಕೈಯಿಂದ ಒತ್ತಿದಳು, ಕೊನೆಗೆ ಬೆನ್ನು ಕೊಟ್ಟು ಮೈಭಾರವನ್ನೆಲ್ಲ ಹಾಕಿದಳು. ಒಂದು ಮೂಲೆ ಕೂತರೆ ಇನ್ನೊಂದು ಮೂಲೆ ಎದ್ದು ನಿಲ್ಲುತ್ತಿತ್ತು. ಒಳಗೆ ಹೊಸ ಕೂಲರ್, ಬಂದ ದಿನವೇ ನಡುಮನೆ ಹಿಡಿದ ನೆಂಟನ ಹಾಗೆ, ಜಪ್ಪಯ್ಯ ಅಂದರೂ ಜಗ್ಗದೆ ಕೂತಿತ್ತು.

ಗಂಟೆ ಹನ್ನೆರಡೂವರೆ. ಐದರೊಳಗೆ ಏಳನೇ ಪಾಠವನ್ನು ಓದಿ, ಧ್ವನಿಮುದ್ರಿಸಿ, ಕಳಿಸಬೇಕು. ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಓದಿಸಿಡುವ ಗ್ರಂಥಾಲಯದವರು ಅವಳ ಮಾದರಿ ಓದನ್ನು ಈಗಾಗಲೇ ಎರಡು ಸಲ ವಾಪಸು ಕಳಿಸಿದ್ದರು. ಓದು ಚೆನ್ನಾಗಿದೆ, ಆದರೆ ಹಿಂದೆ ಯಾವುದೋ ಯಂತ್ರ ಓಡುತ್ತಿದೆ, ಇನ್ನೊಂದೇ ಒಂದು ಅವಕಾಶ ಕೊಡುತ್ತೇವೆ ಎಂದು ಬರೆದಿದ್ದರು. ಆ ಯಂತ್ರ ಬೇರೆ ಯಾವುದೂ ಅಲ್ಲ, ಬಿಡಿಭಾಗಗಳನ್ನು ತಂದು ಅವಳೇ ಕೂತು ಜೋಡಿಸಿದ್ದ ಕಂಪ್ಯೂಟರ್. ಅದರ ಪ್ರೊಸೆಸರ್ ಮೇಲಿದ್ದ ಅಂಗೈಯಗಲದ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ಫೋನಿನಲ್ಲಿ ಮುದ್ರಿಸಿದ್ದು ಅವರಿಗೆ ನಡೆಯುವುದಿಲ್ಲ. ಅವಳು ಕಲಿಸುತ್ತಿದ್ದ ಶಾಲೆ ಮುಚ್ಚಿ ಎಂಟು ತಿಂಗಳಾಗಿತ್ತು. ಪಾಠ ಓದುವುದೊಂದು ಬಿಟ್ಟರೆ ತನಗೆ ಬೇರೇನೂ ಬರುವುದಿಲ್ಲವೇನೋ ಎಂಬ ಭಯ ಈಗೀಗ ಬೆಳಿಗ್ಗೆ ಹಲ್ಲುಜ್ಜುವಾಗಲೇ ಶುರುವಾಗುತ್ತಿತ್ತು.

ದೊಡ್ಡ ಕೂಲರ್ ಹಾಕಿ, ಫ್ಯಾನು ನಿಧಾನಕ್ಕೆ ತಿರುಗುತ್ತೆ, ಉಸಿರಾಡಿದ್ದೂ ಕೇಳಿಸಲ್ಲ ಎಂದಿದ್ದ ಅಂಗಡಿಯವನು. ದೊಡ್ಡದು ಎಂದರೆ ಎಷ್ಟು ದೊಡ್ಡದು ಎಂದು ಅವಳಿಗೆ ಗೊತ್ತಾದದ್ದು ಪೆಟ್ಟಿಗೆ ಬಿಚ್ಚಿದ ಮೇಲೆ. ಅಲ್ಯೂಮಿನಿಯಂ ಹಾಳೆಗಳ ಎರಡು ಕಟ್ಟು, ಎರಡು ಫ್ಯಾನು, ಒಂದು ಕಿಲೋ ಮೀರಿದ ತೂಕ. ಅದನ್ನು ಕೂರಿಸಲು ಮದರ್‌ಬೋರ್ಡನ್ನೇ ಹೊರಗೆ ತೆಗೆಯಬೇಕಾಯಿತು. ಬೋರ್ಡಿನ ಬೆನ್ನಿಗೆ ಪಟ್ಟಿ ಹಿಡಿದರೆ ಮುಂದಿನ ಸ್ಕ್ರೂ ಬೀಳುತ್ತಿತ್ತು, ಸ್ಕ್ರೂ ಹಿಡಿದರೆ ಪಟ್ಟಿ ಜಾರುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ಫ್ಯಾನಿನ ತಂತಿಕೊಕ್ಕೆ ಸಿಡಿದು ಹೆಬ್ಬೆರಳು ಸೀಳಿತ್ತು. ಇಷ್ಟೆಲ್ಲ ಆಗಿ ಬೋರ್ಡು ಮತ್ತೆ ಒಳಗೆ ಹೋಗಿ ಕೂತ ಮೇಲೆ, ಈಗ ಈ ಬಾಗಿಲು.

ಅವಳು ಸ್ಕೇಲು ಹಿಡಿದು ಅಳೆದಳು. ಕೂಲರಿನ ಎತ್ತರ ಹದಿನಾರು ಸೆಂಟಿಮೀಟರ್. ಒಳಗಿನ ಜಾಗ ಹದಿನೈದೂವರೆ. ಮತ್ತೊಮ್ಮೆ ಅಳೆದಳು. ಹದಿನೈದೂವರೆಯೇ. ಆದರೆ ಮೊನ್ನೆ ಅಂಗಡಿಯಲ್ಲಿ ನಿಂತು ಅವಳು ಮನೆಗೆ ಫೋನು ಮಾಡಿದಾಗ ಮಾವ ಅಳೆದು ಹೇಳಿದ್ದು ಹದಿನೇಳು! ಸಂಶಯಕ್ಕೆ ಎಡೆಯಿಲ್ಲದಂತೆ ಎರಡು ಸಲ ಹೇಳಿದ್ದರು.

"ಮಾವಾ, ಸ್ವಲ್ಪ ಬನ್ನಿ ಇಲ್ಲಿ."

ಮಾವ ಬಂದರು. ಐವತ್ತು ವರ್ಷ ದರ್ಜಿ ಕೆಲಸ ಮಾಡಿ, ಕಣ್ಣು ಮಂಜಾದ ಮೇಲೆ ಬಿಟ್ಟವರು. ಅಂಗಡಿ ಬಿಟ್ಟರೂ ಟೇಪು ಬಿಟ್ಟಿರಲಿಲ್ಲ. ಅದು ಈಗಲೂ ಕೊರಳಲ್ಲಿ ನೇತಾಡುತ್ತಿತ್ತು.

"ಮೊನ್ನೆ ಇದರ ಒಳಗಡೆ ಎಷ್ಟು ಜಾಗ ಅಂದ್ರಿ?"

"ಹದಿನೇಳು."

"ಈಗ ಹದಿನೈದೂವರೆ ಬರ್ತಿದೆ."

"ಹೂಂ. ಅಳತೆ ಹದಿನೈದೂವರೆನೇ." ಮಾವ ಕನ್ನಡಕ ಸರಿಮಾಡಿಕೊಂಡರು. "ಅದಕ್ಕೆ ಒಂದೂವರೆ ಲೂಸ್ ಸೇರಿಸಿ ಹೇಳ್ದೆ."

ಅವಳು ಸ್ಕೇಲನ್ನು ಕೆಳಗಿಟ್ಟಳು. "ಲೂಸಾ?"

"ಮತ್ತೆ? ಮೈಗೆ ಅಂಟೋ ಅಳತೆ ಯಾರಾದ್ರೂ ಕೊಡ್ತಾರೇನಮ್ಮಾ? ಇವತ್ತು ಹೊಲಿಸಿದವರು ನಾಳೆ ದಪ್ಪ ಆಗ್ತಾರೆ. ಕೂರ್ತಾರೆ, ಏಳ್ತಾರೆ, ಹೊಟ್ಟೆ ತುಂಬ ಊಟ ಮಾಡ್ತಾರೆ..."

"ಇದು ಊಟ ಮಾಡಲ್ಲ ಮಾವಾ! ಇದು ತಗಡಿನ ಡಬ್ಬ!"

"ಬಿಸಿಯಾದ್ರೆ ಉಬ್ಬಲ್ವಾ?" ಎಂದರು ಮಾವ. ಅವರು ತಮಾಷೆ ಮಾಡುತ್ತಿರಲಿಲ್ಲ, ಅದೇ ಅವಳ ಪಿತ್ತವನ್ನು ನೆತ್ತಿಗೇರಿಸಿದ್ದು.

"ಜಾಗ ಎಷ್ಟಿದೆ ಅಂತ ಕೇಳಿದ್ದು ನಾನು. ಇರೋ ಜಾಗಕ್ಕೆ ಲೂಸ್ ಸೇರಿಸಿದ್ರೆ ಗೋಡೆ ಹಿಂದಕ್ಕೆ ಸರಿಯುತ್ತಾ? ಬೆಳಗ್ಗಿಂದ ಕೈ ಕುಯ್ಕೊಂಡು ಒದ್ದಾಡ್ತಿದೀನಿ. ಇವತ್ತು ಕಳಿಸ್ಲಿಲ್ಲ ಅಂದ್ರೆ ಮುಗೀತು, ನನ್ನ ಹೆಸರು ಹೊಡೆದುಹಾಕ್ತಾರೆ. ನಿಮ್ಮನ್ನ ಕೇಳಿದ್ದೇ ನನ್ನ ತಪ್ಪು."

ಮಾವ ಕೊರಳಿನ ಟೇಪನ್ನು ತೆಗೆದು, ಬೆರಳಿಗೆ ಸುತ್ತಿ, ಜೇಬಿಗೆ ಹಾಕಿಕೊಂಡು ತಮ್ಮ ಕೋಣೆಗೆ ಹೋದರು. ಅಂದದ್ದು ಹೆಚ್ಚಾಯಿತು ಎಂದು ಅವಳಿಗೆ ಆಗಲೇ ಅನ್ನಿಸಿತು. ಆದರೆ ಸಿಟ್ಟು ಮೂಗಿನ ತುದಿಯಿಂದ ಇನ್ನೂ ಇಳಿದಿರಲಿಲ್ಲ. ಹಿಂದೆ ಹೋಗಿ ಸಮಾಧಾನ ಮಾಡುವಷ್ಟು ಹೊತ್ತೂ ಇರಲಿಲ್ಲ.

ಬಾಗಿಲು ಇಲ್ಲದಿದ್ದರೇನು, ಧೂಳು ಕೂರುತ್ತದೆ ಅಷ್ಟೇ ತಾನೇ? ಅದನ್ನು ಗೋಡೆಗೆ ಒರಗಿಸಿ ಕಂಪ್ಯೂಟರ್ ಚಾಲೂ ಮಾಡಿದಳು. ಫ್ಯಾನುಗಳು ಮೆಲ್ಲಗೆ ತಿರುಗಿದವು. ಸದ್ದೇ ಇಲ್ಲ. ಅಂಗಡಿಯವನ ಬಾಯಿಗೆ ಸಕ್ಕರೆ ಹಾಕಬೇಕು ಎಂದುಕೊಂಡು ಮೈಕು ಹತ್ತಿರ ಎಳೆದುಕೊಂಡಳು, ಪುಸ್ತಕ ತೆರೆದಳು. ಅಷ್ಟರಲ್ಲಿ ಫ್ಯಾನುಗಳು ಗುನುಗತೊಡಗಿದವು. ಆಮೇಲೆ ಗುಂಯ್‌ಗುಟ್ಟಿದವು. ಎರಡು ನಿಮಿಷಕ್ಕೆ ಎರಡೂ ಸೇರಿ ಎಂಥ ಆರ್ಭಟ ಎಬ್ಬಿಸಿದವೆಂದರೆ ಹಳೆಯ ಗಿರಣಿಯೇ ವಾಸಿ ಅನ್ನಿಸಿತು. ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಬಿಸಿ ತೊಂಬತ್ತು ದಾಟಿತು, ತೊಂಬತ್ತೈದು ದಾಟಿತು. ಟಪ್ಪೆಂದು ಎಲ್ಲ ಆರಿಹೋಯಿತು.

ಮತ್ತೆ ಚಾಲೂ ಮಾಡಿದಳು. ಮತ್ತೆ ಅದೇ ಕಥೆ. ನಾಲ್ಕೂ ಸ್ಕ್ರೂ ಬಿಗಿಮಾಡಿ ನೋಡಿದಳು, ತಂತಿಗಳನ್ನು ಕಿತ್ತು ಚುಚ್ಚಿ ನೋಡಿದಳು. ಹೀಗೆಯೇ ಎರಡು ಗಂಟೆ ಹೊಡೆಯಿತು. ಅವಳು ಕುರ್ಚಿಯಲ್ಲಿ ಕುಸಿದು ಎರಡು ಕೈಯಲ್ಲೂ ತಲೆ ಹಿಡಿದುಕೊಂಡಳು. ಅಳು ಬರುವಂತಿತ್ತು, ಆದರೆ ಅಳುವುದಕ್ಕೂ ರೇಗುತ್ತಿತ್ತು.

ಬಾಗಿಲಲ್ಲಿ ಚಪ್ಪಲಿ ಸರಿದ ಸದ್ದಾಯಿತು. "ಬೈಯಲ್ಲ ಅಂದ್ರೆ ಒಂದು ಮಾತು ಕೇಳ್ತೀನಿ," ಎಂದರು ಮಾವ, ಹೊಸ್ತಿಲ ಆಚೆಯಿಂದಲೇ.

"ಕೇಳಿ."

"ಅದರ ತಳದಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಇತ್ತಲ್ಲ, ಅದನ್ನ ಕಿತ್ಯಾ?"

"ಯಾವ ಹಾಳೆ?"

"ಬೆಳಿಗ್ಗೆ ನೀನೇ ಓದಿದೆಯಲ್ಲಮ್ಮ. ಐದನೇ ಸೂಚನೆ. 'ತಳಭಾಗದ ರಕ್ಷಣಾ ಪದರವನ್ನು ತೆಗೆದ ನಂತರವೇ ಕೂಲರನ್ನು ಇರಿಸಿರಿ.' ನಂತರವೇ ಅನ್ನೋದನ್ನ ಒತ್ತಿ ಓದಿದೆ."

ಅವಳು ತಲೆಯಿಂದ ಕೈ ತೆಗೆದಳು. ಬೆಳಿಗ್ಗೆ ಕೈಪಿಡಿಯನ್ನು ಓದಿದ್ದು ನಿಜ. ಹೇಗೂ ಓದುವುದಿದೆ, ಮಾದರಿಗೆ ಮುಂಚೆ ಗಂಟಲೂ ಪಳಗಲಿ ಎಂದು ಗಟ್ಟಿಯಾಗಿ ಓದಿದ್ದಳು. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಅಕ್ಷರ ಒತ್ತಬೇಕು ಎಲ್ಲವೂ ಅಚ್ಚುಕಟ್ಟಾಗಿತ್ತು. ಏನು ಬರೆದಿದೆ ಎಂಬುದೊಂದು ಮಾತ್ರ ತಲೆಗೆ ಹೋಗಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿತವೇನೋ ಭರ್ಜರಿಯಾಗಿತ್ತು, ಆದರೂ ಬಿದ್ದದ್ದು ತಾನೇ. ಒಂದೂವರೆ ಸೆಂಟಿಮೀಟರಿಗೆ ಮಾವನ ಮೇಲೆ ಹಾರಾಡಿದ್ದು ನೆನಪಾಗಿ ಅವಳ ಕಿವಿ ಬಿಸಿಯಾಯಿತು.

"ಇಲ್ಲ ಮಾವ. ಕಿತ್ತಿಲ್ಲ."

"ಹಾಗಾದ್ರೆ ಕೀಳೋಣ," ಎಂದರು ಮಾವ, ತೋಳು ಮಡಚುತ್ತ. "ನಾನು ಎಲ್ಲಿ ಹಿಡ್ಕೊಳ್ಲಿ?"

ಎಲ್ಲವನ್ನೂ ಮತ್ತೆ ಬಿಚ್ಚಿದರು. ಮಾವ ಕೂಲರನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ನಿಂತರು. ತಳದಲ್ಲಿ ತೆಳ್ಳನೆಯ ಹಾಳೆ, ಅದರ ತುಂಬ, ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸಬೇಕಿದ್ದ ಬೂದು ಪೇಸ್ಟು ಬಳಿದುಕೊಂಡಿತ್ತು. ಹಾಳೆಯ ಮೇಲೆ ಕೆಂಪು ಅಕ್ಷರದಲ್ಲಿ 'ಇದನ್ನು ತೆಗೆಯಿರಿ' ಎಂದು ಬೇರೆ ಬರೆದಿತ್ತು. ಅವಳು ಅದನ್ನು ಕಿತ್ತು ಮುದ್ದೆಮಾಡಿ ಎಸೆದಳು. ಪ್ರೊಸೆಸರಿನ ಮೇಲಿನ ಪೇಸ್ಟು ಒರೆಸಲು ಹತ್ತಿಗೆ ಕೈಹಾಕಿದಾಗ ಮಾವ ತಡೆದರು. "ಅದು ಬೇಡ, ಎಳೆ ಬಿಡುತ್ತೆ. ತಾಳು." ಕೂಲರನ್ನು ಹುಷಾರಾಗಿ ಮೇಜಿನ ಮೇಲಿಟ್ಟು ಕೋಣೆಗೆ ಹೋಗಿ ಬಟ್ಟೆಚೂರುಗಳ ಗಂಟು ತಂದರು. ಒಂದೊಂದನ್ನೇ ಬೆರಳಲ್ಲಿ ಉಜ್ಜಿ ನೋಡಿ, ಕೋಟಿನ ಒಳಪದರದ ನುಣುಪಾದ ತುಂಡೊಂದನ್ನು ಆರಿಸಿ ಕೊಟ್ಟರು. ಪ್ರೊಸೆಸರ್ ಕನ್ನಡಿಯಂತಾಯಿತು. ಹೆಸರುಕಾಳಿನಷ್ಟು ಹೊಸ ಪೇಸ್ಟು ಹಾಕಿ, ಮಾವ ಅಲುಗಾಡದಂತೆ ಹಿಡಿದುಕೊಂಡಾಗ, ಬೆಳಿಗ್ಗೆ ಒಂದು ಗಂಟೆ ಹೊತ್ತು ಆಟವಾಡಿಸಿದ್ದ ನಾಲ್ಕು ಸ್ಕ್ರೂಗಳು ಹತ್ತು ನಿಮಿಷದಲ್ಲಿ ಕೂತವು.

"ನಾನು ಹಾಗೆ ಅನ್ನಬಾರದಾಗಿತ್ತು ಮಾವ," ಎಂದಳು ಅವಳು, ಸ್ಕ್ರೂ ತಿರುಗಿಸುತ್ತಲೇ.

"ಮೊದಲು ಆ ಸ್ಕ್ರೂ ನೋಡು," ಎಂದರು ಮಾವ.

ಬೋರ್ಡು ಒಳಗೆ ಹೋಗಿ, ತಂತಿಗಳೆಲ್ಲ ಸೇರಿದಾಗ ಮೂರೂ ಮುಕ್ಕಾಲು. ಈ ಸಲ ಫ್ಯಾನುಗಳು ಮೆಲ್ಲಗೆ ತಿರುಗಿ ಮೆಲ್ಲಗೇ ಉಳಿದವು. ಬಿಸಿ ನಲವತ್ತರ ಮೇಲೆ ಏರಲಿಲ್ಲ. ಅವಳು ಮಾವನನ್ನು ಹೊರಗೆ ಕಳಿಸಿ, ಕೋಣೆಯ ಬಾಗಿಲು ಭದ್ರ ಮಾಡಿ, ಮೈಕಿನ ಮುಂದೆ ಕೂತು ಓದತೊಡಗಿದಳು. ಪಾಠ ವಲಸೆ ಹಕ್ಕಿಗಳದ್ದು. ಸಮುದ್ರ ದಾಟುವಾಗ ಒಂದು ಹಕ್ಕಿ ಬಿರುಗಾಳಿಗೆ ಸಿಕ್ಕಿ ಗುಂಪು ತಪ್ಪಿಸಿಕೊಳ್ಳುತ್ತದೆ. ಇಂಥ ಮೌನದಲ್ಲಿ ಅವಳು ಎಂದೂ ಓದಿರಲಿಲ್ಲ. ಒಂದೊಂದು ಮಾತೂ ಬಿಡಿಬಿಡಿಯಾಗಿ, ತನ್ನದೇ ಅಲ್ಲವೇನೋ ಎಂಬಷ್ಟು ಚೆನ್ನಾಗಿ ಬರುತ್ತಿತ್ತು. ಹನ್ನೊಂದು ನಿಮಿಷ ಒಂದು ತಪ್ಪಿಲ್ಲ.

ಆಗ ಬಾಗಿಲ ಆಚೆ ಯಾರೋ ಕೆಮ್ಮಿದರು.

ಪರದೆಯ ಮೇಲೆ ಧ್ವನಿಯ ಗೆರೆ ಗುಡ್ಡದಂತೆ ಎದ್ದು ಬಿತ್ತು. ಹನ್ನೊಂದು ನಿಮಿಷ ನೀರಲ್ಲಿ ಹೋಮ! ಅವಳು ಹೆಡ್‌ಫೋನು ಕಿತ್ತೆಸೆದು ಬಾಗಿಲು ತೆರೆದಳು. ಮಾವ ಬಾಗಿಲಿಗೆ ಒತ್ತಿ ಸ್ಟೂಲು ಹಾಕಿಕೊಂಡು, ಅದರ ಮೇಲೆ ಕಿವಿಯನ್ನು ಈ ಕಡೆ ಮಾಡಿ ಕೂತಿದ್ದರು.

"ಮಾವಾ!"

"ತಪ್ಪಾಯ್ತು, ತಪ್ಪಾಯ್ತು. ಗಂಟಲು ಕೆರೀತು." ಅವರು ಗಡಬಡಿಸಿ ಎದ್ದು ಸ್ಟೂಲು ಎತ್ತಿಕೊಂಡರು. ಎರಡು ಹೆಜ್ಜೆ ಹೋಗಿ ನಿಂತರು. "ಅಲ್ಲಮ್ಮ, ಆ ತಪ್ಪಿಸ್ಕೊಂಡ ಹಕ್ಕಿ ಆಮೇಲೆ ಸೇರ್ಕೊಳ್ತಾ?"

ಬೈಯಲು ಬಂದವಳು ಹಿಡಿದಿದ್ದ ಚಿಲಕ ಬಿಟ್ಟಳು. ಇದೇ ಪಾಠವನ್ನು ಇದೇ ಬಾಗಿಲ ಹಿಂದೆ ಅವಳು ಇಪ್ಪತ್ತು ಸಲವಾದರೂ ಓದಿದ್ದಳು. ಇಷ್ಟು ದಿನ ಹೊರಗೆ ಕೇಳಿಸಿದ್ದು ಬರೀ ಗಿರಣಿ. ಒಂದು ಹಕ್ಕಿಯ ಗತಿ ಏನಾಯಿತೆಂದು ಯಾರಾದರೂ ಅವಳನ್ನು ಕೇಳಿ ಎಂಟು ತಿಂಗಳಾಗಿತ್ತು. ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಪಾಠ ಪೂರ್ತಿ ಓದಲು ಇಪ್ಪತ್ತೆರಡು ನಿಮಿಷ ಬೇಕು.

"ಸ್ಟೂಲು ಒಳಗೆ ತನ್ನಿ," ಎಂದಳು.

"ಕೆಮ್ಮು ಬಂದ್ರೆ?"

"ನುಂಗ್ಕೊಳ್ಳಿ."

ಮಾವ ಒಳಗೆ ಬಂದು, ತೆರೆದ ಕ್ಯಾಬಿನೆಟ್ಟಿನಿಂದ ಮಾರು ದೂರದಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಬಾಗಿಲು ಭದ್ರವಾಯಿತು. ಅವಳು ಪುಸ್ತಕವನ್ನು ಮೊದಲ ಪುಟಕ್ಕೆ ತಿರುಗಿಸಿ, ಧ್ವನಿಮುದ್ರಣದ ಗುಂಡಿ ಒತ್ತಿ, "ಪಾಠ ಏಳು" ಎಂದಳು. ಮಾವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಮೊದಲ ಬೆಂಚಿನ ಹುಡುಗನ ಹಾಗೆ ಮುಂದಕ್ಕೆ ಬಾಗಿದರು.