ಪರದೆ ಕಾರಿನ ಹೊಗೆ

ಗಂಡ ಪುಟ್ಟಬಸಪ್ಪ ಆ ಹಳೆಯ ಕಾರನ್ನು ಮನೆಗೆ ತಂದ ದಿನವೇ ಶಾಂತಮಲ್ಲಮ್ಮನಿಗೆ ಅವನ ಮೇಲಿದ್ದ ಅಷ್ಟಿಷ್ಟು ಗೌರವವೂ ಹೋಯಿತು. ರಾಜರ ಕಾಲ ಮುಗಿದ ಮೇಲೆ ಅಂಥ ಗಾಡಿಗಳು ಅಗ್ಗಕ್ಕೆ ಸಿಗುತ್ತಿದ್ದವು. ಯಾವುದೋ ಅರಸು ಮನೆತನದ ಹೆಂಗಸರು ಓಡಾಡುತ್ತಿದ್ದ ಕಾರಂತೆ. ಹಿಂದಿನ ಸೀಟಿನ ಸುತ್ತ ಪರದೆ, ಡ್ರೈವರಿಗೂ ಹಿಂದೆ ಕೂತವರಿಗೂ ನಡುವೆ ಒಂದು ಗಾಜು. ಚಾಮರಾಜನಗರದ ಜವಳಿ ವ್ಯಾಪಾರಿಗೆ ಅಷ್ಟು ಸಾಕಾಯಿತು, ತಾನೇ ಅರಸನಾಗಿಬಿಟ್ಟ. ಮೊನ್ನೆಮೊನ್ನೆಯವರೆಗೆ ಹುಲ್ಲಿನ ಹೊರೆ ಹೊತ್ತು ಬೀದಿಯಲ್ಲಿ ನಡೆದ ಅವನ ತಾಯಿ ಮಲ್ಲಾಜಮ್ಮನನ್ನು ಈಗ ಯಾರೂ ನೋಡಬಾರದಂತೆ! ಹೆಂಗಸರು ಗಾಜು ಇಳಿಸಿಯಾರೆಂದು ಹಿಂದಿನ ಕಿಟಕಿಗಳ ಹಿಡಿಗಳನ್ನೇ ಬಿಚ್ಚಿಸಿ ಇಟ್ಟುಕೊಂಡ.

ಕಾರು ಹೊರಟರೆ ಹಿಂದೆ ಬೀದಿ ಕಾಣದಷ್ಟು ಹೊಗೆ. ಡ್ರೈವರ್ ಸೋಮಯ್ಯ ಒಮ್ಮೆ ತಲೆ ಕೆರೆದುಕೊಂಡು, “ಬುದ್ದಿ, ಹೊಗೆ ಕೊಳವೆ ಸೀಟಿನ ಕೆಳಗ ತೂತು ಬಿದ್ದದ. ರಿಪೇರಿ ಮಾಡಿಸ್ಬುಡನ,” ಎಂದ.

“ಹೊಗೆ ಹೊರಕ್ಕ ತಾನೇ ಓಗದು? ಓಗ್ಲಿ ಬುಡ್ಲಾ,” ಎಂದ ಪುಟ್ಟಬಸಪ್ಪ. ಸೋಮಯ್ಯ ಹೂಂಗುಟ್ಟಿದ. ಯಜಮಾನ ಹಗಲನ್ನು ರಾತ್ರಿ ಎಂದರೆ ದೀಪ ಹಚ್ಚುವ ಆಸಾಮಿ ಅವನು.

ಗುಂಡ್ಲುಪೇಟೆಯಲ್ಲಿ ನೆಂಟರ ಮದುವೆ ಬಂತು. ಪುಟ್ಟಬಸಪ್ಪ ಮುಂದಿನ ಸೀಟಿನಲ್ಲಿ ಮೊಳಕೈ ಹೊರಗಿಟ್ಟು, ಎದುರಾದ ಎತ್ತಿನ ಗಾಡಿಯವರಿಗೆಲ್ಲ ಮುಖ ತೋರಿಸುತ್ತ ಕೂತಿದ್ದ. ಉಡಿಗಾಲ ದಾಟುವಷ್ಟರಲ್ಲಿ ಹಿಂದೆ ಶಾಂತಮಲ್ಲಮ್ಮನ ತಲೆ ಸಿಡಿಯತೊಡಗಿತು. ತೆರಕಣಾಂಬಿ ಹತ್ತಿರವಾದಾಗ ಅತ್ತೆ ಮಲ್ಲಾಜಮ್ಮ ಏನೇನೋ ಬಡಬಡಿಸಿ, ಮುಖ ಕೆಂಪೇರಿ, ತಲೆ ವಾಲಿಸಿದಳು. ಕಾಲಡಿಯ ಚಾಪೆ ಎತ್ತಿ ನೋಡಿದರೆ ಹಲಗೆಯ ಸಂದಿಯಿಂದ ಹೊಗೆ ಒಳಕ್ಕೆ ನುಗ್ಗುತ್ತಿದೆ. ಶಾಂತಮಲ್ಲಮ್ಮ ನಡುವಿನ ಗಾಜನ್ನು ಗುದ್ದಿದಳು.

ಕಾರು ನಿಂತಿತು. ಎಂಜಿನ್ ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ತಳ್ಳಬೇಕು, ಮರ್ಯಾದೆ ಹೋಗುತ್ತದೆ. ಪುಟ್ಟಬಸಪ್ಪ ಇಳಿದು ಬಂದು, ಪರದೆಯ ಸಂದಿಯಲ್ಲಿ ತಾಯಿಯ ಮುಖ ನೋಡಿ ಕೈ ಜೋಡಿಸಿಬಿಟ್ಟ.

“ಮಾದಪ್ಪ! ಅವ್ವನ ಮೈಮ್ಯಾಲ ಮಾದಪ್ಪ ಬಂದವ್ನ ಕಣ್ಲಾ ಸೋಮಯ್ಯ!”

ಸೋಮಯ್ಯನೂ ಕೈಮುಗಿದ.

“ಹೊಗೆ ಕಣ್ರೀ! ಬಾಗ್ಲು ತಗೀರಿ, ಅತ್ತೆ ಸತ್ತೋಯ್ತರ!” ಎಂದು ಶಾಂತಮಲ್ಲಮ್ಮ ಕಿರುಚಿದಳು.

“ದ್ಯಾವ್ರು ಬಂದಾಗ ಮುಟ್ಬಾರ್ದು, ಸುಮ್ಕಿರು!” ಎಂದು ಅವನು ಬಾಗಿಲಿಗೇ ಅಡ್ಡ ನಿಂತ.

ಹೆತ್ತ ತಾಯಿ ಕಣ್ಣೆದುರೇ ಉಸಿರು ಕಟ್ಟಿ ಸಾಯುತ್ತಿದ್ದಾಳೆ, ಈ ಮಹಾರಾಯ ನಮಸ್ಕಾರ ಹಾಕುತ್ತಿದ್ದಾನೆ! ಶಾಂತಮಲ್ಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಚಿಲಕ ತಿರುಗಿಸಿ, ಎರಡೂ ಕಾಲು ಜೋಡಿಸಿ ಬಾಗಿಲಿಗೆ ಒದ್ದಳು. ಗಂಡ ಹೋಗಿ ಮಣ್ಣಿಗೆ ಬಿದ್ದ. ಅವನನ್ನು ದಾಟಿಕೊಂಡೇ ಅತ್ತೆಯನ್ನು ದರದರ ಎಳೆದು ಹುಣಸೆ ಮರದ ಕೆಳಗೆ ಮಲಗಿಸಿದಳು.

ಗಾಳಿ ತಾಕಿದ ಮೇಲೆ ಮಲ್ಲಾಜಮ್ಮ ವಾಂತಿ ಮಾಡಿಕೊಂಡು, ಎಷ್ಟೋ ಹೊತ್ತಿಗೆ ಕಣ್ಣು ಬಿಟ್ಟಳು. ಪುಟ್ಟಬಸಪ್ಪ ಪಂಚೆಯ ಮಣ್ಣು ಕೊಡವುತ್ತ, “ಬಂದಿದ್ದ ದ್ಯಾವ್ರ ಒದ್ದು ಓಡಿಸ್ಬುಟ್ಟಲ್ಲೇ ಪಾಪಿ,” ಎಂದ.

ಶಾಂತಮಲ್ಲಮ್ಮ ಅತ್ತೆಯನ್ನು ಗಂಡನ ಜಾಗದಲ್ಲಿ, ಮುಂದಿನ ಕಿಟಕಿಯ ಪಕ್ಕ ಕೂರಿಸಿದಳು. ಆಮೇಲೆ ಬಂದು ಹಿಂದಿನ ಬಾಗಿಲು ಹಿಡಿದು ನಿಂತಳು.

“ದ್ಯಾವ್ರು ಎಲ್ಲೂ ಓಗಿಲ್ಲ, ಒಳಗೇ ಅವ್ನ. ನೀವು ಕುಂತ್ಕಳಿ. ಗುಂಡ್ಲುಪೇಟೆ ಗಂಟ ನಿಮ್ಮ ಮೈಮ್ಯಾಲೂ ಬರ್ಲಿ. ಬಾಗ್ಲು ನಾನು ಹಾಕ್ತಿನಿ.”

ಪುಟ್ಟಬಸಪ್ಪ ಒಳಗೆ ಇಣುಕಿದ. ಹೊಗೆ ಇನ್ನೂ ಆಡುತ್ತಿತ್ತು. ಅವನು ಹೆಗಲ ಮೇಲಿನ ವಲ್ಲಿಯನ್ನು ಮೂಗಿಗೆ ಹಿಡಿದು ಹಿಂದೆ ಸರಿದ.

ಮುಂದಿನ ಸೀಟಿನಿಂದ ಮಲ್ಲಾಜಮ್ಮ ಕತ್ತು ಹೊರಳಿಸಿ ಮಗನನ್ನೇ ನೋಡುತ್ತಿದ್ದಳು.

“ಹತ್ಲಾ ಮಗ,” ಎಂದಳು. “ನನ್ನ ಕೂರ್ಸಿದ್ದ ಜಾಗನೇ ಕಣ ಅದು.”

ಪುಟ್ಟಬಸಪ್ಪ ಹತ್ತಲಿಲ್ಲ.