ಸಿಲ್ಲಿಬಿಲ್ಲಿಯ ಎಡಹೆಗಲು

ಶೆಟ್ಟಿಕೆರೆಯ ಸುತ್ತಿನ ಹಳ್ಳಿಗಳಲ್ಲಿ ಎತ್ತು ಕೊಳ್ಳುವವರು ಮೊದಲು ಅದರ ಹಲ್ಲು ನೋಡುತ್ತಿದ್ದರು, ಆಮೇಲೆ ಗೊರಸು ನೋಡುತ್ತಿದ್ದರು, ಕೊನೆಗೆ ಶ್ರೀರಂಗಯ್ಯನವರ ಟವೆಲು ನೋಡುತ್ತಿದ್ದರು.

ಶ್ರೀರಂಗಯ್ಯ ಸುಳಿ ನೋಡುವವರು. ದನದ ಮೈಮೇಲೆ ಕೂದಲು ಸುತ್ತಿಕೊಂಡು ಬೆಳೆದ ಜಾಗವೇ ಸುಳಿ. ಅದು ಎಲ್ಲಿದೆ, ಯಾವ ಕಡೆ ತಿರುಗಿದೆ ಎನ್ನುವುದರ ಮೇಲೆ ಕೊಂಡವನ ಮನೆ ಏಳುತ್ತದೋ ಬೀಳುತ್ತದೋ ಎಂದು ಹೇಳುವುದು ಅವರ ಕೆಲಸ. ಹೇಳುವುದು ಎಂದರೆ ತಪ್ಪಾದೀತು. ಮೂವತ್ತು ವರ್ಷಗಳಲ್ಲಿ ಅವರು ಬಾಯಿಬಿಟ್ಟು ಒಂದು ಎತ್ತನ್ನೂ ಹಳಿದವರಲ್ಲ. ಹಣೆಯಿಂದ ಶುರುಮಾಡಿ ಬಾಲದ ಬುಡದವರೆಗೆ ಅಂಗೈ ಆಡಿಸುತ್ತಿದ್ದರು. ಕೈ ಎಲ್ಲೂ ನಿಲ್ಲದಿದ್ದರೆ ಎತ್ತು ಗೆದ್ದಿತು. ಎಲ್ಲಾದರೂ ನಿಂತು, ಆ ಕೈಯನ್ನು ತೆಗೆದು ಹೆಗಲ ಟವೆಲಿಗೆ ಒರೆಸಿಕೊಂಡರೆ ಮುಗಿಯಿತು. ಉಳಿದ ಮಾತನ್ನೆಲ್ಲ ಊರೇ ಆಡಿಕೊಳ್ಳುತ್ತಿತ್ತು. ಮಾತಾಡದ ಮನುಷ್ಯನಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ನಂಬುವುದರಲ್ಲಿ ಊರಿಗೊಂದು ಸುಖವಿತ್ತು. ಹಾಗೆ ನಂಬಿಸಿಕೊಳ್ಳುವುದರಲ್ಲಿ ಅವರಿಗೂ ಇತ್ತು.

ಟವೆಲು ಕಂಡ ಎತ್ತನ್ನು ಎರಡೇ ದಿನದಲ್ಲಿ ಕೊಳ್ಳಲು ಬರುತ್ತಿದ್ದವರು ತಿಪಟೂರಿನ ಕೊಬ್ಬರಿ ವ್ಯಾಪಾರಿ ಸದಾಶಿವಯ್ಯ. 'ಪಾಪ, ಇನ್ಯಾರು ತಗೋತಾರೆ' ಎನ್ನುತ್ತ ಬಾಯಿಗೆ ಬಂದ ಬೆಲೆಗೆ ಕೊಂಡು, ಶ್ರೀರಂಗಯ್ಯನವರ ಹೆಸರು ಕೇಳದ ದೂರದ ಸಂತೆಗಳಿಗೆ ಲಾರಿಯಲ್ಲಿ ಸಾಗಿಸುತ್ತಿದ್ದರು. ಪ್ರತಿ ಯುಗಾದಿಗೆ ಅವರಿಂದ ಶ್ರೀರಂಗಯ್ಯನವರಿಗೆ ಒಂದು ಹೊಸ ಟವೆಲು ಬರುತ್ತಿತ್ತು. ಯಾಕೆಂದು ಇವರು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಆ ಟವೆಲು ಅವರ ಸ್ವಂತ ತಂಗಿಯ ಕೊಟ್ಟಿಗೆಯಲ್ಲಿ ಅಲ್ಲಾಡಿತು.

ತಂಗಿ ಪುಟ್ಟಗಂಗಮ್ಮನನ್ನು ಅದೇ ಊರಿನ ಹಿಂದಿನ ಬೀದಿಗೆ ಕೊಟ್ಟಿತ್ತು. ಗಂಡ ಮಾಯಣ್ಣ. ತಾಯಿ ಸತ್ತ ಒಂದು ಕರುವನ್ನು ಆಕೆ ರಾಗಿ ಅಂಬಲಿ ಕುಡಿಸಿ ಸಾಕಿದ್ದಳು. ಅದೀಗ ಬಿಳಿಯ ಎತ್ತಾಗಿ, ಅದಕ್ಕೊಂದು ಜೊತೆ ತರಬೇಕೆಂದು ಮಾಯಣ್ಣ ಭಾವನನ್ನು ಕರೆಸಿದ್ದ. ತರಬೇಕಾದ ಎತ್ತನ್ನು ನೋಡುವ ಮೊದಲು ಇದ್ದ ಎತ್ತಿನ ಮೇಲೆ ಸುಮ್ಮನೆ ಕೈ ಆಡಿಸಿದ ಶ್ರೀರಂಗಯ್ಯನವರ ಅಂಗೈ ಎಡಹೆಗಲ ಹಿಂದೆ ನಿಂತಿತು. ಅಲ್ಲೊಂದು ಸುಳಿ ಕೆಳಮುಖವಾಗಿ ತಿರುಗಿತ್ತು. ಅದು ಮನೆಯೊಡತಿಗೆ ಆಗಿಬರದ ಸುಳಿ. ಕೈ ತನ್ನಷ್ಟಕ್ಕೆ ತಾನೇ ಟವೆಲಿಗೆ ಹೋಯಿತು.

"ಅಣ್ಣಯ್ಯ, ಕೈ ಯಾಕೆ ಒರೆಸ್ಕಂಡೆ?" ಎಂದಳು ಪುಟ್ಟಗಂಗಮ್ಮ.

ಅವರು ಟವೆಲನ್ನು ಹೆಗಲ ಮೇಲೆ ಸರಿಮಾಡಿಕೊಂಡರು.

"ಬೆವರು ಅಂತಾದ್ರೂ ಅನ್ನು."

ಅದನ್ನೂ ಅನ್ನಲಿಲ್ಲ. ಮೂವತ್ತು ವರ್ಷ ಆಡದ ಬಾಯಿ ತಂಗಿ ಕೇಳಿದಳೆಂದು ಹೇಗೆ ತೆರೆದುಕೊಂಡೀತು? ಆವತ್ತಿನಿಂದ ಆಕೆ ಅಣ್ಣ ಬಂದರೆ ಕಾಫಿ ಲೋಟವನ್ನು ನೆಲಕ್ಕಿಟ್ಟು ಒಳಗೆ ಹೋಗುತ್ತಿದ್ದಳು.

ಸುದ್ದಿ ತಿಪಟೂರಿಗೆ ಮುಟ್ಟಿತು. ಶನಿವಾರ ಸಂಜೆ ಸದಾಶಿವಯ್ಯನವರ ಅಂಬಾಸಿಡರ್ ಕಾರು ಬಂದು ನಿಂತಿತು. ಸೋಮವಾರ ಆಳು ಕಳಿಸಿ ಎತ್ತು ಹೊಡೆಸಿಕೊಂಡು ಹೋಗುವುದು ಎಂದು ಮಾತಾಯಿತು. ಅದು ಮುಗಿದ ಮೇಲೆ ಅವರು ಶ್ರೀರಂಗಯ್ಯನವರ ಕಡೆ ತಿರುಗಿದರು. "ನಾಳೆ ಬೆಂಗಳೂರಲ್ಲಿ ರೇಸು ಕಣ್ರೀ. ಏಳು ವರ್ಷದಿಂದ ಹೋಗ್ತಿದೀನಿ, ಒಂದಿನಾನೂ ಸುಳಿ ನೋಡೋರ್ನ ಕರ್ಕೊಂಡೋಗಿಲ್ಲ. ಎಂಥ ದಡ್ಡ ನಾನು. ಕುದುರೆ ಅಂದ್ರೇನು, ಕೊಂಬಿಲ್ಲದ ಎತ್ತು ತಾನೆ?"

ಶ್ರೀರಂಗಯ್ಯ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಹಾಗಾದರೆ ಒಪ್ಪಿಗೆಯಾಯಿತು ಎಂದು ಎಲ್ಲರೂ ತಿಳಿದರು.

"ನಾನೂ ಬತ್ತೀನಿ ಬುಡಿ," ಎಂದ ಮಾಯಣ್ಣ. "ಮನೇಲಿದ್ರೆ ಇವಳ ಮಕ ನೋಡಕ್ಕಾಗಕಿಲ್ಲ."

ಬೆಳಗಿನ ಜಾವ ಹೊರಟು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದರು. ಸದಾಶಿವಯ್ಯ ರೇಸಿನ ಪುಸ್ತಕ ತೆಗೆದು ಕುದುರೆಗಳ ಹೆಸರನ್ನು ಮಂತ್ರದ ಹಾಗೆ ಓದಿದರು: ಡೋಂಟ್ ಟೆಲ್ ಮಮ್ಮಿ, ಮದರ್ ಇನ್ ಲಾ, ರಾಯಲ್ ಪ್ರಾಮಿಸ್, ಮಂಡೇ ಮಾರ್ನಿಂಗ್, ಸಿಲ್ಲಿಬಿಲ್ಲಿ.

"ಮದರ್ ಇನ್ ಲಾ ಅಂದ್ರೆ?" ಎಂದ ಮಾಯಣ್ಣ.

"ಅತ್ತೆ."

"ಅತ್ತೆ ಮ್ಯಾಲೆ ಕುಂತ್ಕಂಡು ಓಡುಸ್ತಾರಾ? ಧೈರ್ಯಸ್ಥರು ಬುಡಿ. ಸಿಲ್ಲಿಬಿಲ್ಲಿ ಅಂದ್ರೆ?"

"ಪೆದ್ದುಪೆದ್ದಾಗಿ ಆಡೋನು ಅಂತ ಕಣಯ್ಯ."

"ನಮ್ಮಂಗೆ."

ಶ್ರೀರಂಗಯ್ಯ ಕಿಟಕಿಯ ಹೊರಗೆ ನೋಡುತ್ತಿದ್ದರು. ಗುಬ್ಬಿ ದಾಟಿದ ಮೇಲೆ ಸಾಲುಸಾಲಾಗಿ ತೆಂಗು ಹಿಂದೆ ಸರಿದುಹೋಗಿತ್ತು. ಇನ್ನು ಮುಂದೆ ತಾನು ಯಾರಿಗೂ ಗೊತ್ತಿಲ್ಲ ಎನ್ನುವುದು ಅವರಿಗೆ ಒಂದು ಕಡೆ ಹಗುರ, ಒಂದು ಕಡೆ ಅವಮಾನ.

ರೇಸ್ ಕೋರ್ಸಿನ ಜನ ಅವರಿಗೆ ಹಿಡಿಸಿದರು. ಇಲ್ಲಿ ಪ್ರತಿಯೊಬ್ಬನಿಗೂ ಎಲ್ಲ ಗೊತ್ತಿತ್ತು. ಕಿವಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡ ಒಬ್ಬ ಹೋದ ವಾರದ ಮಳೆಯಿಂದ ಈ ವಾರದ ಗೆಲುವು ಲೆಕ್ಕಹಾಕುತ್ತಿದ್ದ. ಸೂಟು ಹಾಕಿದ ದೊಡ್ಡ ಮನುಷ್ಯರೊಬ್ಬರು ಮೊದಲು ಇಂಗ್ಲಿಷಿನಲ್ಲಿ ಕುದುರೆಯನ್ನು ಹುರಿದುಂಬಿಸಿ, ಅದು ಹಿಂದೆ ಬಿದ್ದಾಗ ತಮಿಳಿಗಿಳಿದು, ಕೊನೆಯ ತಿರುವಿನಲ್ಲಿ ಅವ್ವನನ್ನು ಕರೆದರು. ಓಟಕ್ಕೆ ಮೊದಲು ಕುದುರೆಗಳನ್ನು ಕಬ್ಬಿಣದ ಕಂಬಿಯ ಕಟಾಂಜನದೊಳಗೆ ಸುತ್ತು ನಡೆಸುತ್ತಿದ್ದರು. ಅವುಗಳ ಮೈ ಹೊಳೆಯುವುದನ್ನು ಕಂಡು ಶ್ರೀರಂಗಯ್ಯನವರ ಅಂಗೈ ಜುಮ್ಮೆಂದಿತು. ಗೇಯ್ಮೆ ಎಂದರೇನೆಂದು ಅರಿಯದ ಇಷ್ಟು ಪ್ರಾಣಿಗಳನ್ನು ಅವರು ಒಟ್ಟಿಗೆ ನೋಡಿದ್ದು ಅದೇ ಮೊದಲು. ಮುಟ್ಟುವ ಹಾಗಿರಲಿಲ್ಲ, ಕಣ್ಣಲ್ಲೇ ನೋಡಬೇಕಿತ್ತು.

ಮೊದಲ ಓಟದಲ್ಲಿ ಅವರು ಒಂದೇ ಒಂದು ಕುದುರೆಯನ್ನು ಎರಡನೆಯ ಸಲ ನೋಡಿದರು. ಡೋಂಟ್ ಟೆಲ್ ಮಮ್ಮಿ. ಸದಾಶಿವಯ್ಯ ಅಷ್ಟನ್ನೇ ನಂಬಿ ಟಿಕೆಟ್ ಕೊಂಡರು. ಅದು ಗೆದ್ದಿತು. ಅಷ್ಟು ಹೊತ್ತಿಗೆ ತಿಪಟೂರಿನ ಇನ್ನೂ ನಾಲ್ಕು ಕೊಬ್ಬರಿ ವ್ಯಾಪಾರಿಗಳು ಸುತ್ತ ಸೇರಿದ್ದರು. ರೇಸಿಗೆ ಬರುವವರು ಸೋಮಾರಿ ಜನ ಎಂದು ಒಬ್ಬರನ್ನೊಬ್ಬರು ಬೈದುಕೊಂಡೇ ಎಲ್ಲರೂ ಬಂದಿದ್ದರು. ಒಬ್ಬರು ಶ್ರೀರಂಗಯ್ಯನವರಿಗೆ ಸೋಡಾ ತಂದರು, ಇನ್ನೊಬ್ಬರು ಬಿಸಿಲಿಗೆ ಕೊಡೆ ಹಿಡಿದರು.

"ಮಾತಾಡಿಸ್ಬೇಡ್ರೀ ಅವರ್ನ," ಎಂದು ಸದಾಶಿವಯ್ಯ ಎಲ್ಲರನ್ನೂ ಗದರಿದರು. "ಟವೆಲ್ ನೋಡ್ತಿರಿ ಅಷ್ಟೆ."

ಮುಂದಿನ ಓಟದ ಕುದುರೆಗಳು ಬಂದವು. ರಾಯಲ್ ಪ್ರಾಮಿಸ್ ಎಂಬ ಕಂದು ಕುದುರೆಯ ಹಣೆ ನಡುವೆ ಬಾಸಿಂಗ ಕಟ್ಟಿದ ಹಾಗೆ ಸುಳಿ. ಅದಕ್ಕಿಂತ ಒಳ್ಳೆಯದು ಶಾಸ್ತ್ರದಲ್ಲೇ ಇಲ್ಲ. ಅದರ ಹಿಂದೆ ಕಾಲೆಳೆಯುತ್ತ ಸಿಲ್ಲಿಬಿಲ್ಲಿ ಬಂತು, ಬೂದುಬಣ್ಣದ, ಪೆಚ್ಚುಮುಖದ ಕುದುರೆ. ಅದು ತಿರುಗಿದಾಗ ಎಡಹೆಗಲ ಹಿಂದೆ, ಕೆಳಮುಖವಾಗಿ, ಅದೇ ಸುಳಿ ಕಂಡಿತು. ಏನನ್ನೂ ಮುಟ್ಟದಿದ್ದ ಶ್ರೀರಂಗಯ್ಯನವರ ಕೈ ಟವೆಲಿಗೆ ಹೋಗಿ ಒರೆಸಿಕೊಂಡಿತು.

ಐದು ಪೆನ್ಸಿಲುಗಳು ಒಟ್ಟಿಗೆ ಸಿಲ್ಲಿಬಿಲ್ಲಿಯ ಹೆಸರು ಹೊಡೆದುಹಾಕಿದವು.

ಮಾಯಣ್ಣ ಕಟಾಂಜನಕ್ಕೆ ಒರಗಿ ಕುದುರೆಯ ಹೆಗಲನ್ನೇ ನೋಡುತ್ತಿದ್ದ. ಆಮೇಲೆ ಭಾವನ ಮುಖ ನೋಡಿದ. "ನಮ್ಮನೇದಕ್ಕಿರೋದೂ ಇದೇಯಾ ಭಾವ?"

ಶ್ರೀರಂಗಯ್ಯ ಕುದುರೆಯ ಮೇಲಿನಿಂದ ಕಣ್ಣು ತೆಗೆದರು.

"ಆಯ್ತು ಬುಡು," ಎಂದು ಅವನು ಟಿಕೆಟಿನ ಸಾಲಿಗೆ ಹೋಗಿ, ಇಡೀ ತಿಪಟೂರಿಗೆ ಬೇಡವಾದ ಕುದುರೆಯ ಮೇಲೆ ಒಂದು ಟಿಕೆಟ್ ಕೊಂಡು ಬಂದ.

ಓಟ ಎರಡು ನಿಮಿಷವೂ ಹಿಡಿಯಲಿಲ್ಲ. ರಾಯಲ್ ಪ್ರಾಮಿಸ್ ರಾಜಗಾಂಭೀರ್ಯದಿಂದ ಎಲ್ಲರಿಗಿಂತ ಹಿಂದೆ ಬಂತು. ಪೆಚ್ಚುಮುಖದ ಸಿಲ್ಲಿಬಿಲ್ಲಿ ಯಾರೋ ಬೆನ್ನಟ್ಟಿದಂತೆ ಎಲ್ಲರಿಗಿಂತ ಮುಂದೆ ಬಂತು. ಕೊಡೆ ಹಿಡಿದಿದ್ದವರು ಕೊಡೆ ಮಡಚಿದರು.

ವಾಪಸು ಬರುವಾಗ ಕಾರು ತುಮಕೂರು ದಾಟಿತು. ಆಮೇಲೆ ಸದಾಶಿವಯ್ಯನವರಿಗೆ ತಟ್ಟನೆ ಜ್ಞಾನೋದಯವಾಯಿತು. "ಎತ್ತಿಗಿರೋ ಹಾಗೆ ಕುದುರೆಗೆ ಬೆನ್ನ ಮೇಲೆ ಉಬ್ಬಿದ ಹಿಣಿಲು ಎಲ್ಲಿದೆ? ಇಲ್ಲ. ಹಿಣಿಲಿಲ್ಲದ ಮೈಗೆ ಸುಳಿ ತಿರುಗುಮುರುಗು. ಎತ್ತಿಗೆ ಕೆಟ್ಟದ್ದು ಕುದುರೆಗೆ ಒಳ್ಳೇದು. ಅಲ್ವೇನ್ರೀ ಶ್ರೀರಂಗಯ್ಯ?"

ಅದು ಹಸಿ ಸುಳ್ಳೆಂದು ಶ್ರೀರಂಗಯ್ಯನವರಿಗೆ ಗೊತ್ತಿತ್ತು. ಇಲ್ಲ ಎಂದರೆ ಸಾಕಿತ್ತು, ಅಷ್ಟು ಚಿಕ್ಕ ಮಾತು. ಅವರು ಕಣ್ಣು ಮುಚ್ಚಿಕೊಂಡರು. ಅದು ಹೌದೆಂದಾಯಿತು.

"ಸೋಮವಾರ ಆಳು ಕಳಿಸ್ಬ್ಯಾಡಿ," ಎಂದ ಮಾಯಣ್ಣ ಹಿಂದಿನ ಸೀಟಿನಿಂದ. "ನಮ್ಮೆತ್ತು ನಮ್ಮ ಕೊಟ್ಟಿಗೇಲೇ ಇರ್ಲಿ."

"ನಿನ್ನ ಹೆಂಡ್ತಿ ಕಣಯ್ಯ, ಯೋಚ್ನೆ ಮಾಡು."

"ಅವಳೇ ಅಂಬಲಿ ಕುಡ್ಸಿದ್ದು. ಅವಳೇ ಯೋಚ್ನೆ ಮಾಡ್ಕತಾಳೆ."

ಪುಟ್ಟಗಂಗಮ್ಮ ಎತ್ತಿಗೆ ಸಿಲ್ಲಿಬಿಲ್ಲಿ ಎಂದು ಹೆಸರಿಟ್ಟಳು. ಮಾಯಣ್ಣ ಟೀ ಅಂಗಡಿಯಲ್ಲಿ ಓಟದ ಕತೆ ಹೇಳಿದ, ಮರುದಿನ ಇನ್ನೊಮ್ಮೆ ಹೇಳಿದ. ಕತೆಯಲ್ಲಿ ಕುದುರೆ ದಿನದಿನಕ್ಕೆ ಬೆಳೆಯಿತು, ಟವೆಲು ಚಿಕ್ಕದಾಯಿತು. ನಾಲ್ಕು ವಾರ ಯಾರೂ ಶ್ರೀರಂಗಯ್ಯನವರನ್ನು ಎತ್ತು ನೋಡಲು ಕರೆಯಲಿಲ್ಲ. ಅವರು ಜಗಲಿಯ ಮೇಲೆ ಕೂತಿರುತ್ತಿದ್ದರು. ಸಿಲ್ಲಿಬಿಲ್ಲಿ ತೆಂಗಿನಕಾಯಿ ತುಂಬಿದ ಒಂಟೆತ್ತಿನ ಗಾಡಿ ಎಳೆದುಕೊಂಡು ಎದುರಿಗೇ ಹೋಗುತ್ತಿತ್ತು. ಅವರ ಕಣ್ಣು ಎಡಹೆಗಲಿಗೆ ಹೋಗುತ್ತಿತ್ತು. ತಾನು ಏನನ್ನೋ ಕಾಯುತ್ತಿದ್ದೇನೆಂದು ಅವರಿಗೆ ಅನಿಸುತ್ತಿತ್ತು. ಏನನ್ನು ಎಂದು ಅವರು ತಮ್ಮನ್ನೂ ಕೇಳಿಕೊಂಡಿರಲಿಲ್ಲ. ಕೇಳದೆ ಇರುವುದು ಅವರಿಗೆ ಅಭ್ಯಾಸವಾಗಿತ್ತು.

ಐದನೆಯ ವಾರ ಊರಿನ ಹಿರಿಯ ಕಾಡಸಿದ್ದಪ್ಪ ಜಗಲಿಗೆ ಬಂದು, ಹಳೆಯ ಗೌರವದಿಂದ ಚಪ್ಪಲಿ ಬಿಟ್ಟು ಕೂತ. "ನೀವಂದಂಗೇ ಆಯ್ತು ಕಣ್ರೀ. ನಿಮ್ಮ ತಂಗಿಗೆ ಮೂರು ದಿನದಿಂದ ಜ್ವರ. ಚಳೀಲಿ ನಡುಗ್ತದೆ ಪಾಪ. ಮಾಯಣ್ಣನೂ ಬಗ್ಗಿದ. ಸದಾಶಿವಯ್ಯನೋರಿಗೆ ಹೇಳಿಕಳಿಸವ್ನೆ. ಇವತ್ತೇ ಹಗ್ಗ ತಗಂಡು ಆಳು ಬತ್ತಾನಂತೆ."

ಶ್ರೀರಂಗಯ್ಯನವರ ಎದೆಯೊಳಗೆ ಎಷ್ಟೋ ದಿನದಿಂದ ಜಾರಿಹೋಗಿದ್ದ ಏನೋ ಒಂದು ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು. ಹಾಯೆನಿಸಿತು. ಆ ಹಾಯಿ ಯಾವುದರಿಂದ ಬಂತೆಂದು ತಿಳಿಯಲು ಅವರಿಗೆ ಎರಡು ಉಸಿರು ಬೇಕಾಯಿತು. ತಿಳಿದ ಮೇಲೆ ಅವರು ಎದ್ದರು. ಚಪ್ಪಲಿ ಮೆಟ್ಟದೆ ಹಿಂದಿನ ಬೀದಿಗೆ ನಡೆದರು.

ಮನೆ ಮುಂದೆ ಜನ ಸೇರಿತ್ತು. ಆಳು ಬಂದು ಹಗ್ಗ ಹಿಡಿದು ನಿಂತಿದ್ದ. ಒಳಗೆ ಪುಟ್ಟಗಂಗಮ್ಮ ಕಂಬಳಿ ಹೊದ್ದು ಮಲಗಿದ್ದಳು. ತಲೆದಿಂಬಿನ ಪಕ್ಕ ಚಿಕ್ಕನಾಯಕನಹಳ್ಳಿಯ ಡಾಕ್ಟರು ಮಲೇರಿಯಾ ಎಂದು ಕೊಟ್ಟ ಮಾತ್ರೆಯ ಪೊಟ್ಟಣವಿತ್ತು. ಶ್ರೀರಂಗಯ್ಯ ಹೆಗಲ ಟವೆಲು ತೆಗೆದು, ಚೆಂಬಿನ ನೀರಿನಲ್ಲಿ ಅದ್ದಿ ಹಿಂಡಿ, ತಂಗಿಯ ಹಣೆಯ ಮೇಲೆ ಹಾಕಿದರು.

ಆಕೆ ಕಣ್ಣು ಬಿಟ್ಟಳು. "ಈಗ್ಲಾದ್ರೂ ಬಾಯ್ಬುಡಣ್ಣಯ್ಯ. ನನ್ನೆತ್ತು ಹೊಡ್ಕಂಡೋಗ್ತಾರೆ."

ಅವರು ಹೊರಗೆ ಬಂದರು. ಹೊಸ್ತಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡರು. ಜನ ಬೆರಗಾಗಿ ನೋಡಿತು. "ಅದು ಸೊಳ್ಳೆ ಜ್ವರ," ಎಂದರು. "ಎತ್ತಿಗೂ ಇದಕ್ಕೂ ಏನೂ ಇಲ್ಲ. ಯಾವ ಸುಳಿ ಯಾರಿಗೆ ಏನು ಮಾಡ್ತದೋ ನಂಗೆ ಗೊತ್ತಿಲ್ಲ ಕಣ್ರಪ್ಪ. ಮೂವತ್ತು ವರ್ಷದಿಂದ್ಲೂ ಗೊತ್ತಿಲ್ಲ. ನಮ್ಮಪ್ಪ ಹಂಗೆ ಕೈ ಆಡಿಸ್ತಿದ್ದ, ನಾನೂ ಆಡ್ಸಿದೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಕಾಡಸಿದ್ದಪ್ಪ ಪಕ್ಕದವನ ಕಡೆ ಬಗ್ಗಿ, "ಒಡಹುಟ್ಟಿದೋಳು ನೋಡು. ಕರುಳು ಎಂಥವ್ರ ಬಾಯಲ್ಲೂ ಸುಳ್ಳಾಡಿಸ್ತದೆ," ಎಂದ. ಜನ ಹೌದೆಂದು ತಲೆದೂಗಿತು. ಮಾಯಣ್ಣ ಕೂಡ ತಲೆ ತಗ್ಗಿಸಿದ. ಆಳು ಹಗ್ಗ ಬಿಡಿಸುತ್ತ ಕೊಟ್ಟಿಗೆಯ ಕಡೆ ಹೆಜ್ಜೆ ಇಟ್ಟ.

ಶ್ರೀರಂಗಯ್ಯನವರಿಗೆ ನಗು ಬಂತು, ಅದನ್ನು ನುಂಗಿದರು. ಮಾತಾಡಿದರೆ ನಂಬುವ ಜನವನ್ನು ತಾವು ತಯಾರು ಮಾಡಿರಲಿಲ್ಲ. ಅವರು ಆಳನ್ನು ದಾಟಿ ಕೊಟ್ಟಿಗೆಗೆ ಹೋದರು. ಎಲ್ಲರೂ ಹಿಂದೆ ಬಂದರು. ಸಿಲ್ಲಿಬಿಲ್ಲಿ ಮೆಲುಕು ಹಾಕುತ್ತಿತ್ತು. ಅವರು ಅದರ ಹಣೆಯ ಮೇಲೆ ಅಂಗೈ ಇಟ್ಟರು. ಕೈ ಕತ್ತಿನಿಂದ ಇಳಿಯಿತು, ಎಡಹೆಗಲಿಗೆ ಬಂತು. ಕೆಳಮುಖವಾಗಿ ತಿರುಗಿದ ಒರಟು ಕೂದಲು ಬೆರಳಿಗೆ ಸ್ಪಷ್ಟವಾಗಿ ತಗುಲಿತು. ಕೈ ಅಲ್ಲಿ ನಿಲ್ಲಬೇಕೆಂದಿತು. ಅವರು ನಿಲ್ಲಗೊಡಲಿಲ್ಲ. ಬೆನ್ನು, ಪಕ್ಕೆ, ಸೊಂಟ ದಾಟಿಸಿ ಬಾಲದ ಬುಡದವರೆಗೆ ಒಂದೇ ಎಳೆತದಲ್ಲಿ ಒಯ್ದರು.

ಕೊಟ್ಟಿಗೆಯಲ್ಲಿ ನಿಟ್ಟುಸಿರು ಹರಡಿತು.

"ಸುಳಿ ತಿರುಗ್ಬುಟ್ಟದೆ," ಎಂದ ಕಾಡಸಿದ್ದಪ್ಪ ಭಕ್ತಿಯಿಂದ. "ಜ್ವರದ ಜೊತೇಲೇ ಹೋಯ್ತು." ಮಾಯಣ್ಣ ಆಳಿನ ಕೈಯಿಂದ ಹಗ್ಗ ಕಿತ್ತುಕೊಂಡು ಸುರುಳಿ ಸುತ್ತಿ ಅವನಿಗೇ ವಾಪಸು ಕೊಟ್ಟ. "ನಿಮ್ಮ ಧಣೀರಿಗೆ ಹೇಳು. ಅವರು ಕುದುರೇನೇ ನೋಡ್ಕಳ್ಳಿ."

ನಾಳಿನಿಂದ ಮತ್ತೆ ಎತ್ತು ನೋಡಲು ಕರೆ ಬರುತ್ತದೆ ಎಂದು ಶ್ರೀರಂಗಯ್ಯನವರಿಗೆ ಗೊತ್ತಾಯಿತು, ಮೊದಲಿಗಿಂತ ಹೆಚ್ಚೇ ಬರುತ್ತದೆ. ಅವರು ಬೀದಿಗಿಳಿದರು. ಅಂಗೈ ಬೆವರಿತ್ತು. ಅಭ್ಯಾಸದಂತೆ ಕೈ ಹೆಗಲಿಗೆ ಹೋಯಿತು. ಟವೆಲು ತಂಗಿಯ ಹಣೆಯ ಮೇಲಿತ್ತು. ಹಿಂದೆ ಇಡೀ ಜನ ನಿಂತು ಅದೇ ಕೈಯನ್ನು ನೋಡುತ್ತಿತ್ತು. ಪಂಚೆಗೆ ತಗುಲಿಸಿದರೂ ಸಾಕಿತ್ತು, ಎತ್ತು ಮತ್ತೆ ಹೋಗುತ್ತಿತ್ತು. ಶ್ರೀರಂಗಯ್ಯ ಒದ್ದೆಯ ಮುಷ್ಟಿ ಕಟ್ಟಿಕೊಂಡು, ಮೈಗೆ ತಾಕದಂತೆ ದೂರ ಹಿಡಿದು, ಮನೆಯವರೆಗೂ ಹಾಗೆಯೇ ನಡೆದರು.